ವಿಲ್ ಬರೆದವರು ಎದ್ದು ಬಂದರೆ?

ನಾನು ಆಪ್ತಸಲಹೆಗಾರ್ತಿ. ಗುಡ್ ಫ್ರೈಡೇ ಹತ್ತಿರ ಬಂದಂತೆ ನನ್ನ ಬಳಿ ಒಂದೇ ಬಗೆಯ ನೋವು ಹೊತ್ತ ವಿಶ್ವಾಸಿಗಳು ಬರುತ್ತಾರೆ. ನಿದ್ದೆ ಇಲ್ಲ, ಊಟ ಸೇರಲ್ಲ, ಬಾಯಲ್ಲಿ ಒಂದೇ ಮಾತು: "ದೇವರ ಮನೆಯಲ್ಲಿ ನನ್ನ ಪಾಲು ಹೋಯ್ತು." ಪ್ರತಿ ವರ್ಷ ಇದನ್ನು ಕೇಳಿ ಕೇಳಿ, ಕೊನೆಗೆ ಒಬ್ಬರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ರಾಯಚೂರು ಜಿಲ್ಲೆಯ ಒಂದು ತಾಲ್ಲೂಕಿನ ಅಕ್ಕ. ವಯಸ್ಸು ನಲವತ್ತೈದರ ಆಸುಪಾಸು. ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಬಾಂಡ್ ರೈಟರ್ ಒಬ್ಬರ ಹತ್ತಿರ ಟೈಪಿಂಗ್ ಕೆಲಸ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಬರುವ ಊರು ಅದು. ಭತ್ತದ ಗದ್ದೆಗಳ ಕ್ರಯಪತ್ರ, ಪಾಲುಪತ್ರ, ವಿಲ್ ಎಲ್ಲ ಇವರ ಕೈದಾಟಿಯೇ ಹೋಗಬೇಕು. ಗಂಡ ತೀರಿಕೊಂಡ ರಾತ್ರಿ ಆಸ್ಪತ್ರೆಯ ವರಾಂಡದಲ್ಲಿ ದೇವರಿಗೆ "ನಿನ್ನ ಸಹವಾಸ ಸಾಕು" ಅಂದಿದ್ದರು. ಎರಡು ವರ್ಷ ಸಭೆಗೆ, ಅಂದರೆ ಚರ್ಚಿಗೆ, ಕಾಲಿಡಲಿಲ್ಲ. ಆಮೇಲೆ ವಾಪಸ್ ಬಂದರು. ಬಂದ ಕೆಲವೇ ದಿನದಲ್ಲಿ ಒಂದು ಉಜ್ಜೀವನ ಕೂಟದಲ್ಲಿ ಬೈಬಲ್ಲಿನ ಏಸಾವನ ಮೇಲೆ ಪ್ರಸಂಗ ಕೇಳಿದರು. ಒಂದು ಹೊತ್ತಿನ ಊಟಕ್ಕೆ ಚೊಚ್ಚಲತನದ ಹಕ್ಕು, ಅಂದರೆ ಹಿರಿಮಗನ ಹಕ್ಕು, ಮಾರಿಕೊಂಡವನು, ಆಮೇಲೆ ಅತ್ತರೂ ಸಿಗಲಿಲ್ಲ. ತನ್ನ ಪಾಲೂ ಹಾಗೇ ಹೋಯಿತು ಎಂಬ ಭಯ ಅಲ್ಲಿಂದ ಶುರುವಾಯಿತು.

ಮೊದಲ ದಿನ ಅವರು ಬ್ಯಾಗಿನಿಂದ ಒಂದು ಉದ್ದ ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟರು. ಸ್ಕೇಲ್ ಇಟ್ಟು ಎಳೆದ ನಾಲ್ಕು ಕಾಲಂ. ತಾರೀಖು, ಉಪವಾಸ, ಪ್ರಾರ್ಥನೆ, ಬಾಕಿ. ಬೆಳಗಿನ ಮೂರಕ್ಕೆ ಏಳಲು ಆಗದಿದ್ದರೆ ಆ ಗಂಟೆ ಬಾಕಿಗೆ ಹೋಗುತ್ತಿತ್ತು. ಪುಟ ಮುಗಿದಾಗ ಮೊತ್ತ ಹಾಕಿ, ಮುಂದಿನ ಪುಟದ ತಲೆಯ ಮೇಲೆ ಕೆಂಪು ಶಾಯಿಯಲ್ಲಿ "ಹಿಂದಿನ ಬಾಕಿ" ಎಂದು ಬರೆದಿದ್ದರು. ಅಂಗಡಿ ಲೆಕ್ಕದ ಹಾಗೆ. ಅಕ್ಷರ ಮಾತ್ರ ಮುತ್ತಿನಂತಿತ್ತು. ಅದನ್ನು ನೋಡಿ ನನಗೆ ಹೊಟ್ಟೆ ಕಿವುಚಿದಂತಾಯಿತು.

ಏಸಾವನು ತನ್ನ ಹಕ್ಕನ್ನು ತಾತ್ಸಾರ ಮಾಡಿದ, ನೀವು ಅದಕ್ಕಾಗಿ ಅಳುತ್ತಿದ್ದೀರಿ, ಇದೇ ವ್ಯತ್ಯಾಸ ಅಂದೆ. ಅವರು ತಕ್ಷಣ, "ಏಸಾವನೂ ಅತ್ತಾನಲ್ರಿ ಮೇಡಂ" ಅಂದರು. ನನ್ನ ಹತ್ತಿರ ಆ ದಿನ ಉತ್ತರ ಇರಲಿಲ್ಲ. ಹಾಗೇ ಹೇಳಿ ಕಳಿಸಿದೆ.

ಮೂರನೇ ಸಲ ಬಂದಾಗ ಬೈಬಲ್ ಪಕ್ಕಕ್ಕಿಟ್ಟು ಅವರ ಕೆಲಸದ ಬಗ್ಗೆ ಕೇಳಿದೆ. ವಿಲ್ ಹೇಗೆ ಬರೆಯುತ್ತೀರಿ?

"ಬರೆಸೋರು ಸೈನ್ ಮಾಡ್ತಾರ್ರಿ. ಇಬ್ಬರು ಸಾಕ್ಷಿ ಸೈನ್ ಮಾಡ್ತಾರ."

"ಆಸ್ತಿ ಯಾರಿಗೆ ಹೋಗುತ್ತೋ ಅವರು?"

"ಅವರ ಸೈನ್ ಯಾಕ ಬೇಕ್ರಿ? ಅವರನ್ನ ಸಾಕ್ಷಿಗೂ ಹಾಕಂಗಿಲ್ಲ. ಎಷ್ಟೋ ಸಲ ಅವರಿಗೆ ಗೊತ್ತೇ ಇರಂಗಿಲ್ಲ."

"ಬರೆಸಿದ ಮೇಲೆ ಬದಲಾಯಿಸಬಹುದಾ?"

"ಬದುಕಿರೋ ತನಕ ಎಷ್ಟು ಸಲ ಬೇಕಾದ್ರೂ. ಸತ್ತ ಮ್ಯಾಲೆ ಮುಗೀತ್ರಿ. ಒಂದಕ್ಷರ ತಿದ್ದಾಕ ಬರಂಗಿಲ್ಲ."

ಆಗ ಬೈಬಲ್ ತೆಗೆದು ಇಬ್ರಿಯರಿಗೆ ಬರೆದ ಪತ್ರಿಕೆಯ 9ನೇ ಅಧ್ಯಾಯ ಅವರ ಕೈಯಲ್ಲೇ ಓದಿಸಿದೆ, 15ರಿಂದ 17. ಅಲ್ಲಿರುವುದು ಅವರು ದಿನಾ ಟೈಪ್ ಮಾಡುವ ಪದವೇ: ಮರಣಶಾಸನ. ಮೂಲ ಗ್ರೀಕಿನಲ್ಲಿ ಒಡಂಬಡಿಕೆಗೂ ವಿಲ್ಲಿಗೂ ಒಂದೇ ಮಾತು, ದಿಯಾಥೇಕೆ. ಬರೆದವನು ಸತ್ತ ಮೇಲೆಯೇ ಅದು ಜಾರಿಗೆ ಬರುತ್ತದೆ. ಪಾಪಕ್ಷಮೆ, ಮಗಳೆಂಬ ಸ್ಥಾನ, ಪವಿತ್ರಾತ್ಮ, ನಿತ್ಯಜೀವ, ಎಲ್ಲ ಕ್ರಿಸ್ತನ ಮರಣದಿಂದ ನಮ್ಮ ಪಾಲಿಗೆ ಬಂದದ್ದು. ಅದರಲ್ಲಿ ನಮ್ಮ ಸೈನ್ ಇಲ್ಲ. ಏಸಾವ ಅತ್ತದ್ದು ಬದುಕಿದ್ದ ತಂದೆಯ ಮುಂದೆ. ನಾವು ನಿಂತಿರುವುದು ಜಾರಿಯಾಗಿಬಿಟ್ಟ ವಿಲ್ಲಿನ ಮುಂದೆ.

ಅವರು ಬಹಳ ಹೊತ್ತು ಸುಮ್ಮನಿದ್ದರು. ಬೆರಳು ಆ ವಚನದ ಮೇಲೇ ಇತ್ತು. ಆಮೇಲೆ ಕೇಳಿದ ಪ್ರಶ್ನೆ ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ.

"ಮೇಡಂ, ಯೇಸು ಸ್ವಾಮಿ ಎದ್ದು ಬಂದ್ರಲ್ರಿ. ಬರೆದವರು ಎದ್ದು ಬಂದ್ರ ವಿಲ್ ಬದಲಾಯಿಸಬಹುದಲ್ಲ?"

ಇದು ಬಾಯಿಪಾಠದ ಉತ್ತರದಿಂದ ತೀರುವ ಪ್ರಶ್ನೆ ಅಲ್ಲ. ಎದ್ದು ಬಂದವರು ಮೊದಲು ಏನು ಹೇಳಿ ಕಳಿಸಿದರು ನೋಡೋಣ ಬನ್ನಿ ಅಂದೆ. ಯೋಹಾನನ ಸುವಾರ್ತೆ, 20ನೇ ಅಧ್ಯಾಯ. ಸಮಾಧಿಯ ಹತ್ತಿರ ಅಳುತ್ತಾ ನಿಂತ ಮಗ್ದಲದ ಮರಿಯಳಿಗೆ ಯೇಸು ಹೇಳುತ್ತಾನೆ: ನನ್ನ ಸಹೋದರರ ಹತ್ತಿರ ಹೋಗಿ ತಿಳಿಸು, ನನ್ನ ತಂದೆ ನಿಮಗೂ ತಂದೆ. ಯಾರು ಆ ಸಹೋದರರು? ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ ಅವನನ್ನು ಬಿಟ್ಟು ಓಡಿಹೋದವರು. ಅವರಲ್ಲಿ ಒಬ್ಬ ಪೇತ್ರ, "ಅವನನ್ನು ನಾನರಿಯೆ" ಎಂದು ಮೂರು ಸಲ ಅಂದವನು. ವಿಲ್ ಬದಲಾಯಿಸಬೇಕಿದ್ದರೆ ಇದಕ್ಕಿಂತ ಒಳ್ಳೆಯ ಕಾರಣ ಇತ್ತಾ? ಆದರೆ ಎದ್ದು ಬಂದವನು ಯಾರ ಹೆಸರನ್ನೂ ಹೊಡೆದುಹಾಕಲಿಲ್ಲ. "ಸಹೋದರರು" ಅಂದ. ಒಂದೇ ತಂದೆಯ ಮಕ್ಕಳು, ಅಂದರೆ ಪಾಲುದಾರರು.

"ಹಂಗಾದ್ರ ಹಂಚಾಕ ಬಂದ್ರೇನ್ರಿ?" ಅಂದರು. ಹೌದಕ್ಕಾ ಅಂದೆ. ಆ ಮಾತು ಅವರದು, ನನ್ನದಲ್ಲ. ಅವರು ಆ ದಿನ ಅತ್ತದ್ದು ಹಿಂದಿನ ಎರಡು ಸಲದ ಅಳುವಿನ ಹಾಗಿರಲಿಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಉಪವಾಸ ಸದ್ಯಕ್ಕೆ ನಿಲ್ಲಿಸಿ. ಅವರಿಗೆ ಶುಗರ್ ಇತ್ತು. ಮಾತ್ರೆ ನುಂಗಿ ಊಟ ಬಿಟ್ಟು ಎರಡು ಸಲ ತಲೆಸುತ್ತಿ ಬಿದ್ದಿದ್ದರು. ರಾತ್ರಿ ಮಲಗಿ, ಮೂರಕ್ಕೆ ಅಲಾರಂ ಬೇಡ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಒಮ್ಮೆ ಕಾಣಿ. ಲೆಕ್ಕ ಇಡದೆ ಇರಲು ಆಗದ ಭಯ ಬರೀ ಭಕ್ತಿಯ ವಿಷಯ ಅಲ್ಲ, ಅದಕ್ಕೆ ಚಿಕಿತ್ಸೆ ಇದೆ. ರಾತ್ರಿ ಹೊತ್ತು ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಗಂಡನಿಗಾಗಿ ಇನ್ನೂ ಅಳದೆ ಉಳಿದಿದ್ದರೆ ಅದನ್ನೂ ಅಳಿ. ದೇವರ ಮೇಲೆ ಬಂದ ಸಿಟ್ಟನ್ನು ದೇವರಿಗೇ ಹೇಳಿದ್ದೀರಿ, ಕೀರ್ತನೆಗಳ ತುಂಬ ಅಂಥ ಮಾತಿದೆ.

ಇದನ್ನು ಕೇಳಿದ ಒಬ್ಬ ಸಭಾಪಾಲಕರು ನನ್ನ ಮೇಲೆ ಬೇಸರ ಮಾಡಿಕೊಂಡರು. ಹೀಗೆ ಹೇಳಿದರೆ ವಿಶ್ವಾಸಿಗಳು ಸಡಿಲಾಗುತ್ತಾರಂತೆ. ಸಹೋದ್ಯೋಗಿಯೊಬ್ಬರು, ಆಪ್ತಸಲಹೆಯಲ್ಲಿ ವಚನ ಯಾಕೆ ತಂದಿರಿ ಅಂದರು. ಇಬ್ಬರಿಗೂ ನನ್ನ ಉತ್ತರ ಒಂದೇ. ಆ ಅಕ್ಕನ ಗಾಯ ಇದ್ದದ್ದೇ ವಚನದೊಳಗೆ. ಅಲ್ಲಿಗೆ ಹೋಗದೆ ಮುಲಾಮು ಎಲ್ಲಿ ಹಚ್ಚಲಿ? ಇನ್ನು ಸಡಿಲಾಗುವ ಮಾತು. ಭಯಕ್ಕೆ ಬಾಗಿದವರು ಪ್ರಾರ್ಥನೆಯಲ್ಲಿ ಬಡ್ಡಿ ಕಟ್ಟುತ್ತಾರೆ, ಅಷ್ಟೇ. ಅಪ್ಪನ ಜೊತೆ ಮಾತಾಡುವುದಿಲ್ಲ. ಪಾಲು ತನ್ನದು ಎಂದು ಗೊತ್ತಾದ ಮಗಳು ಆ ಮನೆಯನ್ನು ಜಾಸ್ತಿ ಜೋಪಾನ ಮಾಡುತ್ತಾಳೆ, ಕಮ್ಮಿ ಅಲ್ಲ. ನಾನು ಇದನ್ನು ನಂಬುತ್ತೇನೆ, ನಂಬಿಯೇ ಸಲಹೆ ಕೊಟ್ಟೆ.

ಈಗಲೂ ಕೆಲವು ರಾತ್ರಿ ಮೂರಕ್ಕೆ ಎಚ್ಚರ ಆಗುತ್ತದಂತೆ. ನೀರು ಕುಡಿದು, "ಅಪ್ಪಾ" ಅಂದು ಮತ್ತೆ ಮಲಗುತ್ತಾರೆ. ಮಾತ್ರೆ ನಡೆದಿದೆ. ನೋಟ್‌ಬುಕ್ ಎಸೆಯಿರಿ ಎಂದು ನಾನು ಹೇಳಿಲ್ಲ, ಅವರೂ ಎಸೆದಿಲ್ಲ. ಕಳೆದ ಸಲ ತಂದು ತೋರಿಸಿದರು. ನಾಲ್ಕು ಕಾಲಂ ಮೊದಲಿನಂತೆಯೇ ಸ್ಕೇಲ್ ಇಟ್ಟು ಎಳೆದಿದ್ದರು. ಬಾಕಿ ಕಾಲಂನಲ್ಲಿ ಮೂರು ವಾರದಿಂದ ಏನೂ ಬರೆದಿರಲಿಲ್ಲ.