ಎಣ್ಣೆ ಡ್ರಮ್ಮಿಗೆ ಸ್ವರ ಬಂದಿದ್ದು ಹೇಗೆ?

ಪ್ರಶ್ನೆ: ವೆಸ್ಟ್ ಇಂಡೀಸ್‌ನ ಟ್ರಿನಿಡಾಡ್ ದ್ವೀಪದ ಕಾರ್ನಿವಲ್ ಹಬ್ಬದ ವಿಡಿಯೊದಲ್ಲಿ ಡ್ರಮ್ ಕತ್ತರಿಸಿ ಮಾಡಿದಂತಿದ್ದ ವಾದ್ಯ ನೋಡಿದೆ. ಅದು ನಿಜಕ್ಕೂ ಎಣ್ಣೆ ಡ್ರಮ್ಮಾ? ಬೇರೆ ವಾದ್ಯ ಸಿಗಲಿಲ್ವಾ ಅವರಿಗೆ?
– ಓದುಗರೊಬ್ಬರು, ಹಾವೇರಿ

ಉತ್ತರ: ಎಣ್ಣೆ ಡ್ರಮ್ಮೇ. ನೀರು ತುಂಬಿಡಲು ನಾವು ಇಟ್ಟುಕೊಳ್ಳುತ್ತೇವಲ್ಲ, ಅದೇ ಇನ್ನೂರು ಲೀಟರ್ ಅಳತೆಯದು. ಅಲ್ಲಿಯವರು ಸುಮ್ನೆ 'ಪ್ಯಾನ್' ಅನ್ನುತ್ತಾರೆ. ಬೇರೆ ವಾದ್ಯ ಇತ್ತು, ಬಾರಿಸಲು ಬಿಡಲಿಲ್ಲ ಅಷ್ಟೆ.

ಆಫ್ರಿಕಾದಿಂದ ಹಿಡಿದು ತಂದಿದ್ದ ಗುಲಾಮರಿಗೆ 1838ರಲ್ಲಿ ಪೂರ್ತಿ ಬಿಡುಗಡೆ ಸಿಕ್ಕಿತು. ಆಮೇಲೆ ಕಾರ್ನಿವಲ್ ಸಮಯದಲ್ಲಿ ಅವರು ಪಂಜು ಹಿಡಿದು, ಡೋಲು ಬಾರಿಸಿ, ಕೋಲುಕಾಳಗ ಆಡುತ್ತಾ ಬೀದಿಗಿಳಿಯುತ್ತಿದ್ದರು. ಇದಕ್ಕೆ 'ಕ್ಯಾನ್‌ಬುಲೆ' ಎಂದು ಹೆಸರು. ಸುಟ್ಟ ಕಬ್ಬು ಅನ್ನುವ ಫ್ರೆಂಚ್ ಮಾತಿನಿಂದ ಬಂದದ್ದು. 1881ರಲ್ಲಿ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಇದನ್ನು ತಡೆಯಲು ಹೋದ ಪೊಲೀಸರಿಗೂ ಜನರಿಗೂ ಜೋರು ಹೊಡೆದಾಟವಾಯಿತು. ಅದಾದ ಮೇಲೆ ಡೋಲಿಗೆ ಬ್ರಿಟಿಷ್ ಸರಕಾರದ ಕಾನೂನಿನ ಕಡಿವಾಣ ಬಿತ್ತು.

ಜನ ಸುಮ್ಮನಿರುತ್ತಾರಾ? ಬಿದಿರನ್ನು ಉದ್ದ, ಗಿಡ್ಡ ತುಂಡು ಮಾಡಿ ನೆಲಕ್ಕೆ ಕುಟ್ಟಿದರು. 1930ರ ದಶಕದಲ್ಲಿ ಬಿಸ್ಕತ್ ಡಬ್ಬ, ಪೇಂಟ್ ಡಬ್ಬ, ಕೈಗೆ ಸಿಕ್ಕ ತಗಡೆಲ್ಲ ಬಂತು. ಬಡಿದಲ್ಲಿ ತಗ್ಗು ಬಿದ್ದರೆ, ಉಬ್ಬು ಎದ್ದರೆ ಶಬ್ದ ಬದಲಾಗುತ್ತದೆ ಎಂಬುದು ಯಾರಿಗೋ ಕಿವಿಗೆ ಬಿತ್ತು. 1940ರ ದಶಕದಲ್ಲಿ ದೊಡ್ಡ ಡ್ರಮ್ಮಿಗೆ ಕೈ ಹಾಕಿದರು. ಎಲ್ಲೀ ಮ್ಯಾನೆಟ್ ಎಂಬವರು ಡ್ರಮ್ಮಿನ ತಳವನ್ನು ಒಳಕ್ಕೆ ತಗ್ಗಿಸಿ ಬಾಣಲೆ ಥರ ಮಾಡಿದ ಮೇಲೆ ಜಾಸ್ತಿ ಸ್ವರಗಳಿಗೆ ಜಾಗ ಸಿಕ್ಕಿತು.

ಮಾಡುವ ಕೆಲಸ ನೋಡಬೇಕು. ತಳವನ್ನು ಸುತ್ತಿಗೆಯಿಂದ ಬಡಿದು ಬಡಿದು ತಗ್ಗಿಸಿ, ಒಂದೊಂದು ಸ್ವರದ ಸುತ್ತ ಉಳಿಯಿಂದ ಗೆರೆ ಕುಟ್ಟಿ, ಬದಿ ಕತ್ತರಿಸಿ, ಬೆಂಕಿಯಲ್ಲಿ ಕಾಯಿಸುತ್ತಾರೆ. ಆಮೇಲೆ ಸಣ್ಣ ಸುತ್ತಿಗೆ ಹಿಡಿದು ಮೇಲಿಂದ ಒಂದೇಟು, ಕೆಳಗಿಂದ ಒಂದೇಟು, ಸ್ವರ ಕೂಡುವ ತನಕ. ಬಾರಿಸುವ ಕಡ್ಡಿಯ ತುದಿಗೆ ರಬ್ಬರ್ ಇರುತ್ತದೆ.

ಮೊದಮೊದಲು ಪ್ಯಾನ್ ಬಾರಿಸುವವರೆಂದರೆ ರೌಡಿಗಳು ಅಂತಲೇ ಲೆಕ್ಕ. 1992ರಲ್ಲಿ ಅದೇ ದೇಶದ ರಾಷ್ಟ್ರೀಯ ವಾದ್ಯವಾಯಿತು!

ಪ್ರಶ್ನೆ: ಅಲ್ಲಿ ಭಾರತೀಯರೂ ಬಹಳ ಇದ್ದಾರಂತೆ. ಅವರ ವಾದ್ಯ ಯಾವುದು?
– ಓದುಗರೊಬ್ಬರು, ಕಲಬುರಗಿ

ಉತ್ತರ: ತಾಸಾ, ಅಂದರೆ ಚರ್ಮ ಬಿಗಿದ ಒಂದು ಬಗೆಯ ಡೋಲು. ಕಬ್ಬಿನ ತೋಟದ ಕೂಲಿಗೆ ಕರಾರು ಮಾಡಿಸಿಕೊಂಡು ಕರೆದೊಯ್ದ ಭಾರತೀಯರ ಮೊದಲ ಹಡಗು 'ಫತೇಲ್ ರಜಾಕ್' 1845ರ ಮೇ 30ರಂದು ಮುಟ್ಟಿತು. 1917ರವರೆಗೆ 1.4 ಲಕ್ಷಕ್ಕೂ ಹೆಚ್ಚು ಜನ ಹೋದರು. ಹೆಚ್ಚಿನವರು ಭೋಜಪುರಿ ಸೀಮೆಯವರು, ಮದ್ರಾಸ್ ಬಂದರಿನಿಂದ ಹೋದವರೂ ಇದ್ದರು.

ನಿಮ್ಮ ಕಡೆಯ ಮೊಹರಂಗೆ ಅಲ್ಲಿ 'ಹೊಸೇ' ಅನ್ನುತ್ತಾರೆ, ಹುಸೇನರ ಹೆಸರಿನಿಂದ. ನಿಮ್ಮ ಊರುಗಳಂತೆ ಅಲ್ಲೂ ಹಿಂದೂಗಳು ಸೇರುತ್ತಿದ್ದರು, ಆಫ್ರಿಕಾ ಮೂಲದವರೂ ಬರುತ್ತಿದ್ದರು. ತಾಬೂತಿನ ಮುಂದೆ ತಾಸಾ ಬಾರಿಸುವವರು ನಡುನಡುವೆ ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡಿಕೊಳ್ಳುತ್ತಾರೆ, ನಮ್ಮ ತಮಟೆಯವರ ಹಾಗೇ. 1884ರ ಅಕ್ಟೋಬರ್ 30ರಂದು ಸ್ಯಾನ್ ಫರ್ನಾಂಡೊ ಪಟ್ಟಣಕ್ಕೆ ಮೆರವಣಿಗೆ ಬರಕೂಡದೆಂದು ಸರಕಾರ ಹೇಳಿತ್ತು. ಆದರೂ ಬಂದರು. ಗುಂಡು ಹಾರಿತು, ಜನ ಸತ್ತರು. ಅದೇ ಸರಕಾರ, ಅದೇ ಭಯ. ಆದರೆ ಹೊಸೇ ನಿಂತಿಲ್ಲ, ರಾಜಧಾನಿಯ ಸೇಂಟ್ ಜೇಮ್ಸ್‌ನಲ್ಲಿ ಇಂದಿಗೂ ನಡೆಯುತ್ತದೆ.

ಪ್ರಶ್ನೆ: ಕನ್ನಡಿಗರು ಅಲ್ಲಿ ಏನಾದ್ರೂ ಮಾಡಿದ್ದಾರಾ?
– ಓದುಗರೊಬ್ಬರು, ಮೈಸೂರು

ಉತ್ತರ: ರನ್ ಮಾಡಿದ್ದಾರೆ! 1976ರ ಏಪ್ರಿಲ್, ಪೋರ್ಟ್ ಆಫ್ ಸ್ಪೇನ್‌ನ ಕ್ವೀನ್ಸ್ ಪಾರ್ಕ್ ಓವಲ್ ಮೈದಾನ, ವೆಸ್ಟ್ ಇಂಡೀಸ್ ಎದುರು ಟೆಸ್ಟ್ ಕ್ರಿಕೆಟ್ ಪಂದ್ಯ, ಗೆಲ್ಲಲು 403 ಬೇಕಿತ್ತು. ಭಾರತ 4 ವಿಕೆಟ್‌ಗೆ 406 ಹೊಡೆದು ಗೆದ್ದಿತು. ಅದರಲ್ಲಿ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಅವರದು 112. ಬ್ರಿಜೇಶ್ ಪಟೇಲ್ 49ಕ್ಕೆ ಔಟಾಗದೆ ಉಳಿದರು, ಇನ್ನೊಂದು ರನ್ ಬೇಕಿತ್ತು ಪಾಪ.