ಮೆನು ಮೌಸ್ ಇದ್ದಲ್ಲಿ ಯಾಕೆ ತೆರೆಯುವುದಿಲ್ಲ?

ಪ್ರಶ್ನೆ: ಪೈಥಾನ್ ಮತ್ತು ಕ್ಯೂಟಿ (ವಿಂಡೋ, ಮೆನುಗಳನ್ನು ಕಟ್ಟುವ ಲೈಬ್ರರಿ) ಬಳಸಿ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಟೇಬಲ್‌ನ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಮೆನು ಮೌಸ್‌ಗಿಂತ ಒಂದು ಸಾಲು ಮೇಲೆ, ತುಸು ಎಡಕ್ಕೆ ತೆರೆಯುತ್ತದೆ. ಸ್ಥಾನವನ್ನು ಟೇಬಲ್‌ನ ಮ್ಯಾಪ್‌ಟುಗ್ಲೋಬಲ್ (ಒಳಗಿನ ಸ್ಥಾನವನ್ನು ಪರದೆಯ ಸ್ಥಾನವಾಗಿಸುವ ಫಂಕ್ಷನ್) ಮೂಲಕವೇ ಪಡೆದಿದ್ದೇನೆ. ಅಡ್ಡಕ್ಕೆ 20, ಕೆಳಕ್ಕೆ 25 ಪಿಕ್ಸೆಲ್ ಕೂಡಿಸಿದರೆ ಸರಿಹೋಗುತ್ತದೆ. ಹಾಗೇ ಬಿಡಬಹುದೇ?

ಉತ್ತರ: ಬಿಡಬೇಡಿ. ಆ 20, 25 ನಿಮ್ಮ ಟೇಬಲ್‌ನ ಹೆಡರ್‌ಗಳ (ಎಡಬದಿಯ ಮತ್ತು ಮೇಲಿನ ಶೀರ್ಷಿಕೆ ಪಟ್ಟಿಗಳ) ಅಳತೆ. ಗ್ರಾಹಕರ ಕಂಪ್ಯೂಟರ್‌ನಲ್ಲಿ ಫಾಂಟ್ ದೊಡ್ಡದಿದ್ದರೆ ಮೆನು ಮತ್ತೆ ಜಾರುತ್ತದೆ.

ಟೇಬಲ್ ಒಂದೇ ವಿಜೆಟ್‌ನಂತೆ (ಪರದೆಯ ಮೇಲಿನ ಒಂದು ಘಟಕದಂತೆ) ಕಂಡರೂ ಸಾಲುಗಳು ಇರುವುದು ಅದರೊಳಗಿನ ವ್ಯೂಪೋರ್ಟ್ ಎಂಬ ಇನ್ನೊಂದು ವಿಜೆಟ್‌ನಲ್ಲಿ. ರೈಟ್ ಕ್ಲಿಕ್ ಆದಾಗ ಬರುವ ಕಸ್ಟಮ್ ಕಾಂಟೆಕ್ಸ್ಟ್ ಮೆನು ಸಿಗ್ನಲ್ ಕೊಡುವ ಸ್ಥಾನವನ್ನು ಅಳೆಯುವುದು ಈ ವ್ಯೂಪೋರ್ಟ್‌ನ ಮೂಲೆಯಿಂದ. ಟೇಬಲ್ ಪರದೆಯ ಮೇಲೆ (400, 300)ರಲ್ಲಿದೆ ಎನ್ನಿ. ಚೌಕಟ್ಟಿನ ಒಂದೆರಡು ಪಿಕ್ಸೆಲ್ ಬಿಟ್ಟರೆ ವ್ಯೂಪೋರ್ಟ್ (420, 325)ರಿಂದ ಶುರು. ಸಿಗ್ನಲ್ (40, 10) ಎಂದರೆ ಮೌಸ್ ನಿಜಕ್ಕೂ ಇರುವುದು (460, 335)ರಲ್ಲಿ. ಟೇಬಲ್‌ನ ಮೂಲೆಗೆ ಕೂಡಿಸಿದ್ದರಿಂದ ನಿಮಗೆ (440, 310) ಬಂತು. ಟೇಬಲ್.ವ್ಯೂಪೋರ್ಟ್().ಮ್ಯಾಪ್‌ಟುಗ್ಲೋಬಲ್(ಸ್ಥಾನ) ಎಂದು ಬದಲಿಸಿ, ಸಾಕು. ಟ್ರೀ, ಲಿಸ್ಟ್‌ಗಳಿಗೂ ಇದೇ ನಿಯಮ.

ಯಾವ ಸಾಲು ಎಂದು ತಿಳಿಯಲು ಇಂಡೆಕ್ಸ್‌ಆಟ್ ಕರೆಯುವಾಗ ಮಾತ್ರ ಸಿಗ್ನಲ್ ಕೊಟ್ಟ ಮೂಲ ಸ್ಥಾನವನ್ನೇ ಕೊಡಿ. ಪರಿವರ್ತಿಸಿದ್ದನ್ನು ಕೊಟ್ಟರೆ ಬೇರೆ ಸಾಲು ಸಿಗುತ್ತದೆ, ಇಲ್ಲವೇ ಏನೂ ಸಿಗುವುದಿಲ್ಲ. ಮೆನುವಿನಲ್ಲಿ 'ಅಳಿಸು' ಇದ್ದರಂತೂ ಗ್ರಾಹಕರ ಬೇರೆ ಬಿಲ್ಲೇ ಮಾಯ. ಇನ್ನೊಂದು: ಕನ್‌ಸ್ಟ್ರಕ್ಟರ್‌ನಲ್ಲಿ (ವಿಂಡೋ ಸೃಷ್ಟಿಯಾಗುವಾಗ ಓಡುವ ಕೋಡ್‌ನಲ್ಲಿ) ಮ್ಯಾಪ್‌ಟುಗ್ಲೋಬಲ್ ಕರೆದು ಉತ್ತರವನ್ನು ಎತ್ತಿಟ್ಟುಕೊಳ್ಳಬೇಡಿ. ಆಗಿನ್ನೂ ಲೇಔಟ್ (ವಿಜೆಟ್‌ಗಳ ಜೋಡಣೆ) ಆಗಿರುವುದಿಲ್ಲ. ವಿಂಡೋ ಆಮೇಲೆ ಜರುಗಲೂಬಹುದು.

ಪ್ರಶ್ನೆ: ವಿಂಡೋಸ್‌ನಲ್ಲಿ ಸಿ ಭಾಷೆಯ ಪ್ರೋಗ್ರಾಂ. ಮೌಸ್‌ನ ಸ್ಥಾನವನ್ನು ಲೋವರ್ಡ್ ಮ್ಯಾಕ್ರೋದಿಂದ ಓದುತ್ತಿದ್ದೇನೆ. ಎಡಗಡೆಯ ಎರಡನೇ ಮಾನಿಟರ್‌ನಲ್ಲಿ ರೈಟ್ ಕ್ಲಿಕ್ ಮಾಡಿದರೆ ಎಕ್ಸ್ (ಅಡ್ಡ ಸ್ಥಾನದ) ಬೆಲೆ 65236 ಎಂದು ಬರುತ್ತದೆ!

ಉತ್ತರ: ಅದು −300. ಮುಖ್ಯ ಮಾನಿಟರ್‌ನ ಮೇಲಿನ ಎಡ ಮೂಲೆ (0, 0); ಅದರ ಎಡಕ್ಕಿರುವುದೆಲ್ಲ ಮೈನಸ್. ನೀವು ಬಳಸಿರುವ ಲೋವರ್ಡ್ ಮ್ಯಾಕ್ರೋ 16 ಬಿಟ್‌ಗಳನ್ನು ಚಿಹ್ನೆಯಿಲ್ಲದ ಸಂಖ್ಯೆಯಾಗಿ ಓದುತ್ತದೆ. ಬದಲಿಗೆ ಚಿಹ್ನೆಯನ್ನೂ ಓದುವ ಗೆಟ್_ಎಕ್ಸ್_ಎಲ್‌ಪ್ಯಾರಾಮ್ ಬಳಸಿ. ಮೈನಸ್ ಕಂಡೊಡನೆ ಸೊನ್ನೆ ಮಾಡುವ 'ರಿಪೇರಿ' ಬೇಡ, ಮೆನು ಪಕ್ಕದ ಮಾನಿಟರ್‌ಗೆ ಹಾರುತ್ತದೆ. ಮೆನುವನ್ನು ಕೀಬೋರ್ಡ್‌ನಿಂದ ತೆರೆದಾಗ ಎಕ್ಸ್, ವೈ ಎರಡೂ ಬೆಲೆ −1 ಬರುತ್ತವೆ. ಆಗ ಆಯ್ದ ಸಾಲಿನ ಸ್ಥಾನವನ್ನು ಕ್ಲೈಂಟ್‌ಟುಸ್ಕ್ರೀನ್‌ನಿಂದ ಪರದೆಯ ಸ್ಥಾನವಾಗಿ ಪರಿವರ್ತಿಸಿ ಕೊಡಿ.

ಪ್ರಶ್ನೆ: ಲಿನಕ್ಸ್‌ನ ವೇಲ್ಯಾಂಡ್‌ನಲ್ಲಿ (ವಿಂಡೋಗಳನ್ನು ಪರದೆಗೆ ತರುವ ವ್ಯವಸ್ಥೆ) ವಿಂಡೋವನ್ನು ಎಲ್ಲಿ ಎಳೆದಿಟ್ಟರೂ ಸ್ಥಾನ (0, 0) ಎಂದೇ ತೋರಿಸುತ್ತದೆ. ಏಕೆ?

ಉತ್ತರ: ವಿಂಡೋ ಪರದೆಯಲ್ಲಿ ಎಲ್ಲಿದೆ ಎಂಬುದನ್ನು ವೇಲ್ಯಾಂಡ್ ಪ್ರೋಗ್ರಾಂಗೆ ಹೇಳುವುದೇ ಇಲ್ಲ, ಬೇಕೆಂದೇ ಹಾಗೆ ರೂಪಿಸಿದ್ದಾರೆ. ಮೆನು, ಪಾಪ್‌ಅಪ್‌ಗಳನ್ನು ಪೇರೆಂಟ್ ವಿಂಡೋಗೆ (ಅವು ಸೇರಿರುವ ಮೂಲ ವಿಂಡೋಗೆ) ಸಾಪೇಕ್ಷವಾಗಿ ಇಡಬೇಕು. ಕ್ಯೂಟಿಯಲ್ಲಾದರೆ ಮೆನುವಿಗೆ ಪೇರೆಂಟ್ ಕೊಡಿ, ಅಂಥದ್ದೇ ಇನ್ನೊಂದು ಲೈಬ್ರರಿ ಜಿಟಿಕೆ 4ರಲ್ಲಾದರೆ ಪಾಪ್‌ಓವರ್ ಬಳಸಿ. ಮುಚ್ಚುವಾಗ ಇದ್ದ ಜಾಗದಲ್ಲೇ ವಿಂಡೋವನ್ನು ಮತ್ತೆ ತೆರೆಯುವ ಕೋಡ್ ಬರೆದಿದ್ದರೆ ಅದೂ ಇಲ್ಲಿ ನಡೆಯದು.