ಚಂಡೆಯ ಪೆಟ್ಟಿಗೆ ರೆಕಾರ್ಡಿಂಗ್ ಒಡೆಯದಂತೆ ಲೆವೆಲ್ ಎಷ್ಟಿಡಬೇಕು?

ಮುಂದಿನ ತಿಂಗಳು ನಿಮ್ಮೂರಿನಲ್ಲಿ ನಡೆಯುವ ಯಕ್ಷಗಾನವನ್ನು ಮೈಕ್ ಸೆಟ್ಟಿನವರ ಮಿಕ್ಸರ್‌ನಿಂದಲೇ ರೆಕಾರ್ಡರ್‌ಗೆ ಇಳಿಸಿಕೊಳ್ಳಲಿದ್ದೀರಿ. ಕ್ಲಿಪ್ ಆಗದಂತೆ, ಅಂದರೆ ಅಲೆಯ ತುದಿ ಕತ್ತರಿಸಿಹೋಗಿ ಸದ್ದು ಒಡೆಯದಂತೆ, ಲೆವೆಲನ್ನು ಮೀಟರಿನ ತುದಿಮಿತಿಯಾದ ಸೊನ್ನೆಯ ಎಷ್ಟು ಹತ್ತಿರಕ್ಕೆ ಒಯ್ಯಬಹುದು ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ಇದೇ ಲೆಕ್ಕಾಚಾರವನ್ನು ತಲೆಯಲ್ಲಿಟ್ಟುಕೊಂಡು ನಾನೂ ಒಂದು ಬಯಲಾಟಕ್ಕೆ ಹೋಗಿದ್ದೆ. ಅಂದು ನಾನು ಮಾಡಿದ ತಪ್ಪು ಮೀಟರಿನಲ್ಲಿ ಕಾಣಿಸುವಂಥದ್ದಲ್ಲವಾದ್ದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಮೈಕ್ ಸೆಟ್ಟಿನವರು ಮಿಕ್ಸರ್‌ನ ಹಿಂಬದಿಯಿಂದ ಒಂದು ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ) ಕೇಬಲ್ ಎಳೆದುಕೊಟ್ಟರು. ನನ್ನ ರೆಕಾರ್ಡರ್‌ನಲ್ಲಿ ಆ ಪಿನ್ನು ಕೂರುವ ಜಾಗ ಮೈಕಿಗೆಂದು ಮಾಡಿದ್ದು. ಮಿಕ್ಸರ್‌ನಂಥ ಯಂತ್ರಗಳಿಂದ ಬರುವ ಬಲವಾದ ಸಂಕೇತಕ್ಕೆಂದು ಇರುವ ಲೈನ್ ಇನ್‌ಪುಟ್ ಬೇರೆಯೇ ಇತ್ತು. ಕೇಬಲ್ ಸರಿಯಾಗಿ ಕೂತಿತೆಂಬ ಒಂದೇ ಕಾರಣಕ್ಕೆ ನಾನು ಅದನ್ನು ಅಲ್ಲಿಯೇ ಬಿಟ್ಟೆ. ಸದ್ದು ವಿಪರೀತ ಬರುತ್ತಿದ್ದುದರಿಂದ ಲೆವೆಲ್ ತಿರುಗಣೆಯನ್ನು ಬಹುತೇಕ ಮುಚ್ಚಿ, ಮೀಟರ್ ಮೈನಸ್ 8 ಡಿಬಿಯನ್ನು (ಡೆಸಿಬೆಲ್) ದಾಟದಂತೆ ನೋಡಿಕೊಂಡೆ. ಬೆಳಗಿನ ಮಂಗಳದವರೆಗೂ ಕೆಂಪು ದೀಪ ಒಮ್ಮೆಯೂ ಹತ್ತಲಿಲ್ಲ. ರಂಗಸ್ಥಳದ ಪಕ್ಕದಲ್ಲಿ, ದೊಡ್ಡ ಸ್ಪೀಕರಿನ ಬುಡದಲ್ಲಿ ಕುಳಿತಿದ್ದ ನನಗೆ ಹೆಡ್‌ಫೋನಿನೊಳಗಿನ ಒಡಕು ಬೇರೆಯಾಗಿ ಕೇಳಿಸುವ ಸಾಧ್ಯತೆಯೂ ಇರಲಿಲ್ಲ.

ಮರುದಿನ ಕಂಪ್ಯೂಟರಿನಲ್ಲಿ ಅಲೆಯ ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಚಂಡೆಯ ಪ್ರತಿಯೊಂದು ಪೆಟ್ಟಿನ ತುದಿಯೂ, ಮುರಕಲ್ಲು ತೆಗೆದ ಗುಡ್ಡದ ನೆತ್ತಿಯಂತೆ, ಒಂದೇ ಮಟ್ಟದಲ್ಲಿ ಸಪಾಟಾಗಿ ಕತ್ತರಿಸಿಹೋಗಿತ್ತು. ಅದೂ ಸೊನ್ನೆಯಲ್ಲಲ್ಲ, ಮೈನಸ್ 8ರಲ್ಲಿ. ಕಾರಣ ಹೀಗಿದೆ: ಮೈಕಿನಿಂದ ಬರುವ ವಿದ್ಯುತ್ ಸಂಕೇತ ಸಾಮಾನ್ಯವಾಗಿ ಕೆಲವು ಮಿಲಿವೋಲ್ಟುಗಳಷ್ಟಿದ್ದರೆ, ವೃತ್ತಿಪರ ಮಿಕ್ಸರ್‌ನ ಲೈನ್ ಔಟ್‌ಪುಟ್ಟಿನ ಸಾಮಾನ್ಯ ಮಟ್ಟವೇ ಪ್ಲಸ್ 4 ಡಿಬಿಯು, ಅಂದರೆ ಸುಮಾರು 1.23 ವೋಲ್ಟ್, ಮತ್ತು ಚಂಡೆಯ ಪೆಟ್ಟು ಅದಕ್ಕಿಂತ ಎಷ್ಟೋ ಮೇಲೆ ಜಿಗಿಯುತ್ತದೆ. ಮಿಲಿವೋಲ್ಟುಗಳಿಗೆಂದು ಮಾಡಿದ ಮೊದಲ ಹಂತದ ಆಂಪ್ಲಿಫೈಯರ್ ಅದನ್ನು ತಡೆಯಲಾರದೆ ಅಲ್ಲಿಯೇ ತುದಿಗಳನ್ನು ಕತ್ತರಿಸಿತು. ನನ್ನ ಯಂತ್ರದಲ್ಲಿ ಲೆವೆಲ್ ತಿರುಗಣೆ ಇದ್ದುದು ಆ ಹಂತದ ನಂತರ. ಹಾಗಾಗಿ ನಾನು ತಗ್ಗಿಸಿದ್ದು ಆಗಲೇ ತುಂಡಾಗಿದ್ದ ಅಲೆಯ ಎತ್ತರವನ್ನು ಮಾತ್ರ, ಮತ್ತು ಮೀಟರ್ ಅಳೆದದ್ದೂ ಆ ತಗ್ಗಿದ ಎತ್ತರವನ್ನೇ. ಅಂದು ಲೈನ್ ಇನ್‌ಪುಟ್ ಬಳಸಿದ್ದರೆ, ಇಲ್ಲವೇ ನಡುವೆ 30 ಡಿಬಿ ತಗ್ಗಿಸುವ ಒಂದು ಅಟೆನ್ಯುಯೇಟರ್ ಹಾಕಿದ್ದರೆ ಏನೂ ಆಗುತ್ತಿರಲಿಲ್ಲ.

ಒಡಕು ಸರಿಪಡಿಸುವ ಸಾಫ್ಟ್‌ವೇರನ್ನೂ ಹಾಕಿ ನೋಡಿದೆ. ಅದು ಕಳೆದುಹೋದ ತುದಿಯನ್ನು ಊಹಿಸಿ ಬರೆಯುತ್ತದೆಯೇ ಹೊರತು ಮರಳಿ ತರುವುದಿಲ್ಲ. ಚಂಡೆ ಒಂದಿಷ್ಟು ಮೆತ್ತಗಾಯಿತು, ಆದರೆ ಏರುಪದ್ಯಗಳಲ್ಲಿ ಅದರೊಂದಿಗೇ ಸಾಗುವ ಭಾಗವತರ ಕಂಠದ ಗರಗರ ಹಾಗೆಯೇ ಉಳಿಯಿತು. ಆ ಭಾಗವತರು ಮರುವರ್ಷ ಮೇಳದ ತಿರುಗಾಟವನ್ನೇ ನಿಲ್ಲಿಸಿದರು. ಅವರ ಕಂಠದಲ್ಲಿ ಆ ಪದ್ಯಗಳನ್ನು ಮತ್ತೊಮ್ಮೆ ಹಿಡಿದಿಡುವ ಅವಕಾಶ ನನಗೆ ಸಿಗಲಿಲ್ಲ.

ಇನ್ನು ನಿಮ್ಮ ಪ್ರಶ್ನೆಯ ಬುಡಕ್ಕೇ ಬರುತ್ತೇನೆ. ಸೊನ್ನೆಯ ಹತ್ತಿರಕ್ಕೆ ಹೋಗಬೇಕೆಂಬ ಆಸೆಯನ್ನು ದಯವಿಟ್ಟು ಬಿಟ್ಟುಬಿಡಿ. ಅದು ಟೇಪಿನ ಕಾಲದ ಬುದ್ಧಿವಾದ. ಟೇಪಿನಲ್ಲಿ ಸ್ವಂತದ್ದೊಂದು ಹಿಸ್ ಇರುತ್ತಿದ್ದುದರಿಂದ ಧ್ವನಿಯನ್ನು ಅದರಿಂದ ಆದಷ್ಟು ಮೇಲಿಡಬೇಕಾಗಿತ್ತು, ಮಟ್ಟ ಮೀರಿದರೂ ಟೇಪು ಮೆಲ್ಲಗೆ ಬಾಗಿಕೊಡುತ್ತಿತ್ತು. ಸಾಮಾನ್ಯ ಡಿಜಿಟಲ್ ರೆಕಾರ್ಡಿಂಗಿನಲ್ಲಿ ಸೊನ್ನೆಯ ಆಚೆ ಬರೆಯಲು ಅಂಕಿಯೇ ಇಲ್ಲ. ಈಚೆಗಾದರೋ, ಅತಿ ಮೆಲ್ಲಗಿನ ಸದ್ದಿನಿಂದ ಅತಿ ಜೋರಿನವರೆಗೆ, ಧಾರಾಳ ಜಾಗವಿದೆ: ಧ್ವನಿಯ ಅಳತೆಯನ್ನು ಬರೆಯುವ ಒಂದೊಂದು ಬಿಟ್ಟಿಗೂ (ಅಂಕಿಯ ಸ್ಥಾನಕ್ಕೂ) ಸುಮಾರು 6 ಡಿಬಿಯಂತೆ 16 ಬಿಟ್ಟಿಗೆ 96, 24 ಬಿಟ್ಟಿಗೆ 144 ಡಿಬಿ. 24 ಬಿಟ್ಟಿನಲ್ಲಿ 20 ಡಿಬಿ ಖಾಲಿ ಬಿಟ್ಟರೂ ಸಿ.ಡಿ.ಗಿಂತ ಹೆಚ್ಚು ವಿವರ ಉಳಿಯುತ್ತದೆ. ಜನರೇಟರ್, ಚರುಮುರಿ ಗಾಡಿ, ಮಕ್ಕಳ ಗಲಾಟೆ ಎಲ್ಲವೂ ಇರುವ ಗದ್ದೆಯಲ್ಲಿ ರೆಕಾರ್ಡರ್‌ನ ಸ್ವಂತ ಗದ್ದಲ ನಿಮಗೆ ಕೇಳಿಸುವುದೇ ಇಲ್ಲ.

ಸಂಜೆಯ ಮೈಕ್ ಪರೀಕ್ಷೆಯನ್ನು ನಂಬಿ ಲೆವೆಲ್ ಇಡಬೇಡಿ. ಆಗ ಭಾಗವತರು ಮೆಲ್ಲಗೆ ಒಂದು ಆಲಾಪ ಮಾಡುತ್ತಾರೆ, ಚಂಡೆಯವರು ನಾಲ್ಕು ಪೆಟ್ಟು ಹಾಕಿ ಚೌಕಿಗೆ (ಬಣ್ಣದ ಮನೆಗೆ) ಹೋಗುತ್ತಾರೆ. ನಡುರಾತ್ರಿಯ ಯುದ್ಧದ ಸನ್ನಿವೇಶದ ಕೈಬಲ ಬೇರೆಯೇ. ಮಿಕ್ಸರ್‌ನಲ್ಲಿ ಮುಳ್ಳಿನ ವಿಯು ಮೀಟರ್ ಇದ್ದರೆ ಅದನ್ನೂ ನೆಚ್ಚಿಕೊಳ್ಳುವಂತಿಲ್ಲ. ಅದರ ಮುಳ್ಳು ಮೇಲೇರಲು ಸುಮಾರು 300 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ, ಚಂಡೆಯ ಪೆಟ್ಟಿನ ಮೊನೆ ಕೆಲವೇ ಮಿಲಿಸೆಕೆಂಡುಗಳಲ್ಲಿ ಬಂದುಹೋಗಿರುತ್ತದೆ. ಆದ್ದರಿಂದ ಪರೀಕ್ಷೆಯಲ್ಲಿ ಅತಿ ಎತ್ತರದ ಪೆಟ್ಟು ಮೈನಸ್ 20ರ ಆಸುಪಾಸಿನಲ್ಲಿರಲಿ. ನಿಜವಾದ ಆಟದಲ್ಲಿ ಅದು ಮೈನಸ್ 8ಕ್ಕೋ 10ಕ್ಕೋ ಏರಿದರೂ ಗಾಬರಿಯಾಗಬೇಕಿಲ್ಲ.

ರೆಕಾರ್ಡರ್ ತಾನೇ ಲೆವೆಲನ್ನು ಏರಿಸಿ ಇಳಿಸುವ ಆಟೋ ಲೆವೆಲ್ ಇಟ್ಟರೆ ಸಾಕೇ ಎಂದೂ ಕೇಳಿದ್ದೀರಿ. ಖಂಡಿತ ಬೇಡ. ಚಂಡೆ ಬಿದ್ದಾಗಲೆಲ್ಲ ಅದು ಭಾಗವತರ ಧ್ವನಿಯನ್ನು ಅದುಮುತ್ತದೆ, ಅರ್ಥಗಾರಿಕೆಯ ನಡುವಿನ ಮೌನದಲ್ಲಿ ಜನರೇಟರಿನ ಸದ್ದನ್ನು ಎತ್ತಿ ತರುತ್ತದೆ. ಸೊನ್ನೆ ಮೀರಿದ ಅಲೆಯನ್ನೂ ಬರೆದಿಡಬಲ್ಲ 32 ಬಿಟ್ ಫ್ಲೋಟ್ ರೆಕಾರ್ಡರ್ ಕೊಳ್ಳುವ ಶಕ್ತಿಯಿದ್ದರೆ ಕೊಳ್ಳಿ, ಅದು ನಿಜಕ್ಕೂ ಉಪಕಾರಿ. ಆದರೆ ಮಿಕ್ಸರ್‌ನಲ್ಲಿಯೇ ತುಂಡಾಗಿ ಬಂದ ಧ್ವನಿಯನ್ನು ಅದೂ ಉಳಿಸಲಾರದು. ಚಂಡೆಯ ಚಾನೆಲ್ಲಿನ ಪೀಕ್ ದೀಪ ಮಿನುಗುತ್ತಿದ್ದರೆ ಮೈಕ್ ಸೆಟ್ಟಿನವರಿಗೆ ವಿನಯದಿಂದ ಹೇಳಿ ಆ ಚಾನೆಲ್ಲಿನ ಗೇನ್ (ಮೈಕಿನ ಸಂಕೇತ ಒಳಬರುವಲ್ಲಿನ ತಿರುಗಣೆ) ತಗ್ಗಿಸಿಸಿ, ಅದರ ನಂತರ ಬರುವ ಜಾರುಗುಂಡಿಯಾದ ಫೇಡರನ್ನಲ್ಲ.

ಆಟ ಶುರುವಾಗುವ ಮೊದಲು ಒಂದೆರಡು ನಿಮಿಷದ ಅಬ್ಬರದ ಬಾರಿಸುವಿಕೆಯನ್ನು ಹಿಡಿದು, ಸ್ಪೀಕರಿನಿಂದ ದೂರ ಹೋಗಿ ಹೆಡ್‌ಫೋನಿನಲ್ಲಿ ಕೇಳಿ ನೋಡಿ. 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೋಗೆ ಗಂಟೆಗೆ ಒಂದು ಜಿಬಿಗಿಂತ ತುಸು ಹೆಚ್ಚು ಜಾಗ ಬೇಕು, 32 ಜಿಬಿಯ ಕಾರ್ಡು ಇಡೀ ರಾತ್ರಿಗೆ ಸಾಕು. ಸದ್ದು ಕಡಿಮೆಯೆನಿಸಿದರೆ ಮನೆಯಲ್ಲಿ ಕುಳಿತು ಎತ್ತಿಕೊಳ್ಳಬಹುದು. ನಿಮ್ಮ ರೆಕಾರ್ಡರ್ ಯಾವ ಮಾದರಿಯದೆಂದು ಬರೆಯಿರಿ, ಅದರಲ್ಲಿ ಲೈನ್ ಇನ್‌ಪುಟ್ ಯಾವುದೆಂದು ನೋಡಿ ಹೇಳುತ್ತೇನೆ.